ಉಗಿಯಿಂದ ಕೊಳವೆಗಳ ಶುದ್ಧಿ: ಉಷ್ಣಪೀಡನದ ಅರಿವು ಬೆಳೆದು ಬಂದ ಬಗೆ

೧

ಬೆಂಗಳೂರಿನ ಸುತ್ತಣ ಬಂಡೆಗಳಿಂದ ಚಪ್ಪಡಿಗಳನ್ನೆಬ್ಬಿಸುವುದಕ್ಕೆ ಕಲ್ಲುಕುಟಿಗರು ಬೆಂಕಿಯನ್ನು ಉಪಯೋಗಿಸುತ್ತಿದ್ದ ಬಗೆಯು ೧೮೯೫ನೆಯ ಇಸವಿಯ ‘ನೇಚರ್’ ಪತ್ರಿಕೆಯಲ್ಲಿ ವರ್ಣಿತವಾಗಿದೆ. ಬಂಡೆಯ ಮೈಮೇಲೆ ಸೌದೆಯ ಉರಿಯನ್ನು ಸಾಲಾಗಿ ಹೂಡಿ, ಅದನ್ನು ಮೆಲ್ಲಮೆಲ್ಲನೆ ಮುಂದಕ್ಕೆ ಸರಿಸುತ್ತ ಹೋಗುವರು. ಕಾದ ಮೇಲ್ಪದರವು ಹಿಗ್ಗಲೆಳಸುವುದು. ಅದರ ಕೆಳಗಣ ತಣ್ಣನೆಯ ಕಲ್ಲು ಹಿಗ್ಗಲೊಲ್ಲದು. ಎರಡರ ನಡುವಣ ಈ ವೈಷಮ್ಯದಿಂದ ಮೇಲ್ಪದರವು ಬಂಡೆಯಿಂದ ಬಿಟ್ಟುಕೊಂಡು ಹಾಸಾಗಿ ಏಳುವುದು. ಉರಿಯು ಒಂದೆಡೆ ಹೆಚ್ಚು ಹೊತ್ತು ನಿಂತರೆ ಕಲ್ಲು ಚೂರಾಗುವುದು. ಬೇಗ ಸರಿದರೆ ಪದರವು ಬಿಡದು. ಬೆಂಕಿಯನ್ನು ಎಷ್ಟು ಹೊತ್ತು ಎಲ್ಲಿ ನಿಲ್ಲಿಸಬೇಕೆಂಬುದನ್ನು ಕಲ್ಲುಕುಟಿಗನು ಯಾವ ಗ್ರಂಥದಿಂದಲೂ ಕಲಿತವನಲ್ಲ; ಬಂಡೆಯನ್ನು ಕುಟ್ಟಿ, ಅದರ ನಾದವನ್ನು ಕೇಳಿ ತಿಳಿಯುತ್ತಿದ್ದನು.

ಹಳ್ಳಿಯ ಕಮ್ಮಾರನು ಬಂಡಿಯ ಗಾಲಿಗೆ ಹಳಿ ಕಟ್ಟುವಾಗ ಇದೇ ತತ್ತ್ವವನ್ನು ಬೇರೊಂದು ಪ್ರಯೋಜನಕ್ಕಾಗಿ ಬಳಸುವನು. ಗಾಲಿಗಿಂತ ತುಸು ಚಿಕ್ಕದಾದ ಕಬ್ಬಿಣದ ಹಳಿಯನ್ನು ಕೆಂಪಗೆ ಕಾಯಿಸಿದರೆ ಅದು ಹಿಗ್ಗಿ ಮರದ ಸುತ್ತಿನ ಮೇಲೆ ಕೂರುವುದು. ನೀರೆರೆದೊಡನೆ ಕುಗ್ಗಿ, ಸಡಿಲವಾಗಿದ್ದ ಕೀಲುಗಳನ್ನೆಲ್ಲ ಬಿಗಿದು ಹಿಡಿಯುವುದು. ಒಬ್ಬನು ಶಾಖದಿಂದ ಬೇರ್ಪಡಿಸುವನು, ಇನ್ನೊಬ್ಬನು ಬಂಧಿಸುವನು. ಇಬ್ಬರೂ ಉಪಯೋಗಿಸುವ ಬಲವು ಒಂದೇ. ಕಾಯುವ ವಸ್ತುವು ಹಿಗ್ಗುವುದಕ್ಕೂ ತಣಿಯುವ ವಸ್ತುವು ಕುಗ್ಗುವುದಕ್ಕೂ ಎಡೆಯಿಲ್ಲದಿದ್ದಾಗ ಅದರ ಒಡಲಲ್ಲಿ ಹುಟ್ಟುವ ಈ ಸೆಳೆತ ಅಥವಾ ಒತ್ತಡವನ್ನೇ ಶಾಸ್ತ್ರದಲ್ಲಿ ಉಷ್ಣಪೀಡನವೆಂದು ಕರೆಯುವರು.

ಎಣ್ಣೆಯ ಶುದ್ಧೀಕರಣಾಗಾರಗಳಲ್ಲಿ ಕೊಳವೆಗಳನ್ನು ಉಗಿಯಿಂದ ತೊಳೆಯುವ ಕಾರ್ಯದಲ್ಲಿ ಕಲ್ಲುಕುಟಿಗನ ತಂತ್ರವೂ ಕಮ್ಮಾರನ ತಂತ್ರವೂ ಒಟ್ಟಿಗೆ ಸೇರುತ್ತವೆ. ಕೊಳವೆಗೆ ಅಂಟಿದ ಕಿಟ್ಟವನ್ನು ಬಿಡಿಸುವುದು ಉಷ್ಣಪೀಡನ. ಎಚ್ಚರ ತಪ್ಪಿದರೆ ಕೊಳವೆಯನ್ನೇ ಸೀಳುವುದೂ ಅದೇ. ಈ ಬಲದ ಅರಿವು ಮೂರು ಶತಮಾನಗಳಲ್ಲಿ ಕುಶಲಕರ್ಮಿಯ ಕೈಯಿಂದ ಅಳತೆಗೆ, ಅಳತೆಯಿಂದ ಗಣಿತಕ್ಕೆ, ಗಣಿತದಿಂದ ನಿಯಮಗ್ರಂಥಕ್ಕೆ ಸಾಗಿತು. ಅದು ನಿಯಮಗ್ರಂಥದಿಂದ ಮತ್ತೆ ಕೈಗೆ ಮರಳಿತೇ ಎಂಬುದು ಈ ಚರಿತ್ರೆಯಲ್ಲಿ ವಿಚಾರಣೀಯವಾದ ಪ್ರಶ್ನೆ.

೨

ಲೋಹವು ಕಾದರೆ ಬೆಳೆಯುವುದೆಂಬುದು ಕಮ್ಮಾರರಿಗೆಲ್ಲ ತಿಳಿದಿದ್ದರೂ, ಎಷ್ಟು ಬೆಳೆಯುವುದೆಂಬುದನ್ನು ಕ್ರಮವಾಗಿ ಅಳೆದು ಕೋಷ್ಟಕಗಳನ್ನು ಸಿದ್ಧಪಡಿಸಿದುದು ೧೮ನೆಯ ಶತಮಾನದಲ್ಲಿ. ಇದಕ್ಕೆ ಮುಖ್ಯ ಪ್ರೇರಣೆ ದೊರೆತುದು ಗಡಿಯಾರಗಳಿಂದ. ಬೇಸಗೆಯಲ್ಲಿ ಲೋಲಕದ ದಂಡವು ಉದ್ದವಾಗಿ ಗಡಿಯಾರವು ನಿಧಾನವಾಗಿ ನಡೆಯುತ್ತಿದ್ದಿತು. ಇಂಗ್ಲೆಂಡಿನ ಜಾರ್ಜ್ ಗ್ರೇಹ್ಯಾಮನೂ ಜಾನ್ ಹ್ಯಾರಿಸನ್ನನೂ ೧೭೨೦ರ ದಶಕದಲ್ಲಿ ಈ ದೋಷಕ್ಕೆ ಪರಿಹಾರಗಳನ್ನು ಕಂಡುಹಿಡಿದರು. ಗ್ರೇಹ್ಯಾಮನು ಪಾದರಸವನ್ನು ಬಳಸಿದನು. ಹ್ಯಾರಿಸನ್ನನು ಹಿತ್ತಾಳೆ ಮತ್ತು ಉಕ್ಕಿನ ದಂಡಗಳನ್ನು ಜೋಡಿಸಿ, ಒಂದರ ಹಿಗ್ಗುವಿಕೆಯನ್ನು ಇನ್ನೊಂದರಿಂದ ಸರಿತೂಗಿಸಿದನು. ಹಾಲೆಂಡಿನ ಮುಸ್ಕೆನ್‌ಬ್ರೂಕನು ೧೭೩೧ರಲ್ಲಿ ಲೋಹದಂಡಗಳ ಹಿಗ್ಗುವಿಕೆಯನ್ನು ತೋರಿಸುವ ಯಂತ್ರವೊಂದನ್ನು ವರ್ಣಿಸಿದನು. ದೀಪಸ್ತಂಭಗಳ ನಿರ್ಮಾಣದಿಂದ ಪ್ರಖ್ಯಾತನಾದ ಜಾನ್ ಸ್ಮೀಟನ್ನನು ೧೭೫೪ರಲ್ಲಿ ಇನ್ನೂ ಸೂಕ್ಷ್ಮವಾದ ಯಂತ್ರವನ್ನು ರಚಿಸಿ ಹಲವು ಲೋಹಗಳ ಕೋಷ್ಟಕವನ್ನು ಲಂಡನ್ನಿನ ರಾಯಲ್ ಸೊಸೈಟಿಗೆ ಒಪ್ಪಿಸಿದನು.

ಈ ಕೋಷ್ಟಕಗಳ ಪ್ರಯೋಜನವು ಕರ್ಣಾಟಕದ ನೆಲದ ಮೇಲೆಯೂ ಬೇಗನೆ ಕಂಡುಬಂದಿತು. ವಿಲಿಯಂ ಲ್ಯಾಂಬ್ಟನ್ನನು ೧೮೦೦ನೆಯ ಇಸವಿಯಲ್ಲಿ ಭೂಮಾಪನಕ್ಕಾಗಿ ಬೆಂಗಳೂರಿನ ಬಳಿ ಏಳು ಮೈಲಿಗಿಂತ ಉದ್ದವಾದ ಆಧಾರರೇಖೆಯೊಂದನ್ನು ಉಕ್ಕಿನ ಸರಪಳಿಯಿಂದ ಅಳೆದನು. ನೂರು ಅಡಿಯ ಆ ಸರಪಳಿಯನ್ನು ಮರದ ಪೆಟ್ಟಿಗೆಗಳಲ್ಲಿ ಹಾಸಿ, ಬಿಸಿಲು ತಾಕದಂತೆ ಮರೆಮಾಡಿ, ಅದರ ಪಕ್ಕದಲ್ಲಿಯೇ ಉಷ್ಣಮಾಪಕಗಳನ್ನಿರಿಸಿ ಓದಿಕೊಳ್ಳಬೇಕಾಗಿದ್ದಿತು. ಒಂದು ಫ್ಯಾರನ್‌ಹೈಟ್ ಡಿಗ್ರಿಗೆ ಅಂತಹ ಸರಪಳಿಯು ಬೆಳೆಯುವುದು ಒಂದು ಅಂಗುಲವನ್ನು ಸಾವಿರ ಭಾಗಮಾಡಿದರೆ ಅದರಲ್ಲಿ ಏಳೆಂಟು ಭಾಗದಷ್ಟು ಮಾತ್ರ. ಆದರೆ ಇಡೀ ರೇಖೆಯುದ್ದಕ್ಕೂ ಉಷ್ಣತೆಯನ್ನು ೧೦ ಡಿಗ್ರಿ ತಪ್ಪಾಗಿ ಎಣಿಸಿದರೆ ಅಳತೆಯಲ್ಲಿ ಸುಮಾರು ಎರಡೂವರೆ ಅಡಿಯ ವ್ಯತ್ಯಾಸ ಬೀಳುವುದು. ಕಣ್ಣಿಗೆ ಕಾಣದ ಹಿಗ್ಗುವಿಕೆಯು ಉದ್ದದೊಡನೆ ಕೂಡಿಕೂಡಿ ಕಣ್ಣಿಗೆ ಕಾಣುವಷ್ಟಾಗುವುದೆಂಬುದಕ್ಕೆ ಇದಕ್ಕಿಂತ ಉತ್ತಮವಾದ ನಿದರ್ಶನವಿಲ್ಲ.

ಶುದ್ಧೀಕರಣಾಗಾರದ ಉಕ್ಕಿನ ಕೊಳವೆಗೂ ಇದೇ ಲೆಕ್ಕವು ಅನ್ವಯಿಸುವುದು. ಸಾಧಾರಣ ಉಕ್ಕು ಒಂದು ಸೆಂಟಿಗ್ರೇಡ್ ಡಿಗ್ರಿಗೆ ತನ್ನ ಉದ್ದದ ದಶಲಕ್ಷದಲ್ಲಿ ಸುಮಾರು ೧೨ ಭಾಗದಷ್ಟು ಬೆಳೆಯುವುದು. ೧೦೦ ಮೀಟರ್ ಉದ್ದದ ಕೊಳವೆಯನ್ನು ೨೫ ಡಿಗ್ರಿಯಿಂದ ೧೫೦ ಡಿಗ್ರಿಗೆ ಕಾಯಿಸಿದರೆ ಅದು ೧೫ ಸೆಂಟಿಮೀಟರ್ ಬೆಳೆಯುವುದು. ಎಂದರೆ, ಹೆಚ್ಚುಕಡಮೆ ಅರ್ಧ ಅಡಿ.

೩

ಹಿಗ್ಗುವಿಕೆಯ ಅಳತೆಯು ತಿಳಿದ ಮಾತ್ರಕ್ಕೆ ಅದರ ಬಲವು ತಿಳಿದಂತಾಗಲಿಲ್ಲ. ಬಲದ ಅರಿವು ಮೊದಲು ಬಂದುದು ಕಟ್ಟಡಗಳ ಕೆಲಸದಿಂದ. ಪ್ಯಾರಿಸ್ ನಗರದ ಕಲಾಶಿಲ್ಪ ಸಂಗ್ರಹಾಲಯದಲ್ಲಿ ಕಮಾನುಗಳ ಭಾರಕ್ಕೆ ಗೋಡೆಗಳು ಹೊರಕ್ಕೆ ವಾಲಿದ್ದುವು. ಮೋಲಾರ್ ಎಂಬ ಶಿಲ್ಪಜ್ಞನು ಎದುರುಬದುರಾದ ಗೋಡೆಗಳ ಮೂಲಕ ಕಬ್ಬಿಣದ ದಂಡಗಳನ್ನು ತೂರಿಸಿ, ಅವುಗಳನ್ನು ಕಾಯಿಸಿ, ಉದ್ದವಾದೊಡನೆ ಹೊರಗಣ ತಿರುಪುಗಳನ್ನು ಬಿಗಿದನು. ದಂಡಗಳು ತಣಿದು ಕುಗ್ಗುವಾಗ ಗೋಡೆಗಳನ್ನೇ ಒಳಕ್ಕೆಳೆದುಕೊಂಡುವು. ಹೀಗೆ ಹಲವು ಸಲ ಮಾಡಿ ಗೋಡೆಗಳನ್ನು ನೆಟ್ಟಗೆ ನಿಲ್ಲಿಸಿದುದು ೧೯ನೆಯ ಶತಮಾನದ ಭೌತಶಾಸ್ತ್ರದ ಪಠ್ಯಗಳಲ್ಲಿ ಬಹುಕಾಲ ಉದಾಹರಣೆಯಾಗಿ ಉಳಿದಿದ್ದಿತು. ಬಂಡಿಯ ಹಳಿಗೂ ಈ ದಂಡಕ್ಕೂ ತತ್ತ್ವದಲ್ಲಿ ಭೇದವಿಲ್ಲ.

ಈ ಬಲವನ್ನು ಎಣಿಸುವುದಕ್ಕೆ ಬೇಕಾದ ಸಾಧನವನ್ನು ತಾಮಸ್ ಯಂಗನು ೧೮೦೭ರಲ್ಲಿ ಪ್ರಕಟವಾದ ತನ್ನ ಉಪನ್ಯಾಸಗಳಲ್ಲಿ ಕೊಟ್ಟನು. ವಸ್ತುವನ್ನು ಇಷ್ಟು ಎಳೆದರೆ ಅಥವಾ ಒತ್ತಿದರೆ ಅದು ಎಷ್ಟು ಎದುರು ನಿಲ್ಲುವುದೆಂಬ ಪ್ರಮಾಣಕ್ಕೆ ಅವನ ಹೆಸರೇ ನಿಂತಿದೆ. ಫ್ರಾನ್ಸಿನ ದ್ಯುಆಮೆಲನು ೧೮೩೮ರಲ್ಲಿ ಪ್ರಕಟಿಸಿದ ಪ್ರಬಂಧದಲ್ಲಿ ಉಷ್ಣತೆಯ ವ್ಯತ್ಯಾಸದಿಂದ ಘನವಸ್ತುಗಳೊಳಗೆ ಹುಟ್ಟುವ ಬಲಗಳನ್ನು ಗಣಿತದಿಂದ ನಿರೂಪಿಸಿದನು. ಪ್ರಷ್ಯದ ಫ್ರಾಂಜ್ ನಾಯ್‌ಮನ್ನನು ೧೮೪೧ರಲ್ಲಿ ಅದೇ ಫಲವನ್ನು ಬೇರೆ ದಾರಿಯಿಂದ, ಅಸಮವಾಗಿ ಕಾದ ಗಾಜಿನ ಮೂಲಕ ಬೆಳಕು ಹಾಯುವ ರೀತಿಯನ್ನು ವಿಚಾರಿಸುತ್ತ, ಪಡೆದನು. ಉಷ್ಣಪೀಡನದ ಶಾಸ್ತ್ರವು ಈ ಇಬ್ಬರಿಂದ ಆರಂಭವಾಯಿತೆಂದು ಹೇಳಬಹುದು.

ಇವರ ಗಣಿತದಿಂದ ಹೊರಡುವ ಒಂದು ನಿರ್ಣಯವು ಸಾಧಾರಣ ಭಾವನೆಗೆ ವಿರುದ್ಧವಾದುದು. ಎರಡು ತುದಿಗಳೂ ಅಲುಗದಂತೆ ಬಂಧಿಸಲ್ಪಟ್ಟ ನೇರವಾದ ಕೊಳವೆಯನ್ನು ಮೇಲೆ ಹೇಳಿದಂತೆ ೧೨೫ ಡಿಗ್ರಿಯಷ್ಟು ಕಾಯಿಸಿದರೆ ಅದರೊಳಗೆ ಹುಟ್ಟುವ ಪೀಡನವು ಲೆಕ್ಕಪ್ರಕಾರ ಚದರ ಮಿಲಿಮೀಟರಿಗೆ ೩೦೦ ನ್ಯೂಟನ್ನುಗಳಾಗುವುದು. ಕೊಳವೆಗಳಿಗೆ ಉಪಯೋಗಿಸುವ ಸಾಧಾರಣ ಉಕ್ಕು ಸುಮಾರು ೨೪೦ಕ್ಕೇ ಮಣಿದುಬಿಡುವುದು. ಈ ಲೆಕ್ಕದಲ್ಲಿ ಕೊಳವೆಯ ಉದ್ದವೂ ಬರುವುದಿಲ್ಲ, ದಪ್ಪವೂ ಬರುವುದಿಲ್ಲ. ಒಂದು ಮೀಟರಿನ ತುಂಡಾದರೂ ನೂರು ಮೀಟರಿನ ಸಾಲಾದರೂ ಪೀಡನವು ಒಂದೇ. ಕೊಳವೆಯು ಗಟ್ಟಿಯಾಗಲೆಂದು ದಪ್ಪವಾದ ಉಕ್ಕನ್ನು ಹಾಕಿದರೆ ಪೀಡನವು ಕಡಮೆಯಾಗುವುದಿಲ್ಲ. ತುದಿಗಳನ್ನು ನೂಕುವ ಬಲವು ಮಾತ್ರ ಹೆಚ್ಚುವುದು. ಆರು ಅಂಗುಲದ ಸಾಮಾನ್ಯ ಕೊಳವೆಯೊಂದು ಮಣಿಯುವ ಮುನ್ನ ತನ್ನ ತುದಿಯಲ್ಲಿರುವ ಪಂಪನ್ನೋ ಪಾತ್ರೆಯನ್ನೋ ೮೦ ಟನ್ನಿಗೂ ಮೀರಿದ ಬಲದಿಂದ ನೂಕಬಲ್ಲುದು. ಆದುದರಿಂದ ಇಲ್ಲಿ ಬಲಕ್ಕೆ ಬಲವನ್ನೊಡ್ಡುವುದು ಉಪಾಯವಲ್ಲ. ಎಡೆ ಕೊಡುವುದೇ ಉಪಾಯ.

೪

ತುದಿಗಳನ್ನು ಬಂಧಿಸದಿದ್ದರೂ ಉಷ್ಣಪೀಡನವು ಹುಟ್ಟಬಹುದು. ತಣ್ಣನೆಯ ಗಾಜಿನ ಲೋಟಕ್ಕೆ ಕುದಿನೀರನ್ನೆರೆದರೆ ಅದು ಸೀಳುವುದು ಇದರಿಂದಲೇ. ಒಳಮೈ ಕಾದು ಹಿಗ್ಗುವಷ್ಟರಲ್ಲಿ ಹೊರಮೈ ಇನ್ನೂ ತಣ್ಣಗಿರುವುದು. ವಸ್ತುವಿನ ಒಂದು ಭಾಗವೇ ಇನ್ನೊಂದು ಭಾಗವನ್ನು ತಡೆಯುವುದು. ಜರ್ಮನಿಯ ಯೇನ ನಗರದಲ್ಲಿ ವಿಂಕೆಲ್ಮನ್ ಮತ್ತು ಓಟೋ ಷಾಟ್ ಎಂಬುವರು ೧೮೯೪ರಲ್ಲಿ ನಾನಾ ಬಗೆಯ ಗಾಜುಗಳನ್ನು ಪರೀಕ್ಷಿಸಿ, ಹಠಾತ್ತಾದ ಉಷ್ಣತೆಯ ಬದಲಾವಣೆಯನ್ನು ತಾಳುವ ಶಕ್ತಿಯು ಯಾವ ಯಾವ ಗುಣಗಳನ್ನು ಅವಲಂಬಿಸಿರುವುದೆಂಬುದನ್ನು ಒಂದು ಸೂತ್ರದಲ್ಲಿ ಹೇಳಿದರು. ವಸ್ತುವು ಎಳೆತಕ್ಕೆ ಗಟ್ಟಿಯಾಗಿದ್ದು ಶಾಖವನ್ನು ಬೇಗ ಹರಡಿದರೆ ತಾಳಿಕೆ ಹೆಚ್ಚು. ಅದು ಬಹಳವಾಗಿ ಹಿಗ್ಗುವುದಾದರೆ ಅಥವಾ ಬಾಗದ ಬಿರುಸುಳ್ಳದ್ದಾದರೆ ತಾಳಿಕೆ ಕಡಮೆ.

ಗಾಜಿಗೆ ಹೋಲಿಸಿದರೆ ಉಕ್ಕು ಈ ವಿಷಯದಲ್ಲಿ ಬಹಳ ಸಹನಶೀಲವಾದುದು. ಆದರೂ ಕೊಳವೆಯ ಸಾಲಿನಲ್ಲಿ ಎಲ್ಲ ಭಾಗಗಳೂ ಒಂದೇ ದಪ್ಪದವಲ್ಲ. ಕೊಳವೆಯ ಗೋಡೆಯು ತೆಳುವಾದುದರಿಂದ ಬೇಗ ಕಾಯುವುದು. ಅದರ ಕೊನೆಯಲ್ಲಿರುವ ದಪ್ಪನೆಯ ಫ್ಲ್ಯಾಂಜು ನಿಧಾನವಾಗಿ ಕಾಯುವುದು. ಫ್ಲ್ಯಾಂಜನ್ನು ಬಿಗಿದ ಬೋಲ್ಟುಗಳು ಇನ್ನೂ ತಡವಾಗಿ ಕಾಯುವುವು. ಫ್ಲ್ಯಾಂಜು ಹಿಗ್ಗಿ ಬೋಲ್ಟು ಹಿಗ್ಗದಿರುವ ಆ ಅವಧಿಯಲ್ಲಿ ಬೋಲ್ಟುಗಳು ಮಿತಿಮೀರಿ ಎಳೆಯಲ್ಪಡುವುವು, ನಡುವಣ ಗ್ಯಾಸ್ಕೆಟ್ಟು ಜಜ್ಜಲ್ಪಡುವುದು. ಮುಂದೆ ಎಲ್ಲವೂ ಸಮವಾಗಿ ಕಾದಾಗ ಅಥವಾ ತಣಿದಾಗ ಆ ಕೀಲು ಸಡಿಲವಾಗಿ ಸೋರುವುದು. ತುಕ್ಕು ಹಿಡಿಯದ ಉಕ್ಕಿನ ಹಲವು ಜಾತಿಗಳು ಸಾಧಾರಣ ಉಕ್ಕಿಗಿಂತ ಸುಮಾರು ಒಂದೂವರೆಯಷ್ಟು ಹಿಗ್ಗುವುವಾಗಿ, ಎರಡು ಜಾತಿಯ ಉಕ್ಕುಗಳನ್ನು ಬೆಸೆದ ಎಡೆಯಲ್ಲಿ ಇಂತಹ ತೊಡಕು ಇನ್ನೂ ಹೆಚ್ಚು.

೫

ಉಗಿಯನ್ನು ದೂರ ದೂರಕ್ಕೆ ಒಯ್ಯುವ ಕೊಳವೆಗಳು ಬಂದ ಮೇಲೆ ಈ ವಿಚಾರಗಳು ಪುಸ್ತಕವನ್ನು ಬಿಟ್ಟು ಬೀದಿಗಿಳಿದುವು. ಅಮೆರಿಕದ ನ್ಯೂಯಾರ್ಕ್ ಸಂಸ್ಥಾನದ ಲಾಕ್‌ಪೋರ್ಟ್ ಎಂಬ ಊರಿನಲ್ಲಿ ಬರ್ಡ್‌ಸಿಲ್ ಹಾಲಿ ಎಂಬುವನು ೧೮೭೭ರಲ್ಲಿ ಒಂದೇ ಬಾಯ್ಲರಿನಿಂದ ನೆಲದಡಿಯ ಕೊಳವೆಗಳ ಮೂಲಕ ಹಲವು ಮನೆಗಳಿಗೆ ಉಗಿಯನ್ನು ಹಂಚಿದನು. ೧೮೮೨ರಲ್ಲಿ ನ್ಯೂಯಾರ್ಕ್ ನಗರದಲ್ಲಿಯೂ ಅಂತಹ ಏರ್ಪಾಡು ಆರಂಭವಾಯಿತು. ಮಣ್ಣಿನಲ್ಲಿ ಹೂತ ಕೊಳವೆಗೆ ಹಿಗ್ಗಲು ಎಡೆಯಿಲ್ಲದುದರಿಂದ, ಜಾರುವ ಕೀಲುಗಳನ್ನೂ, ಕಮ್ಮಾರನ ತಿದಿಯಂತೆ ಮಡಿಕೆ ಮಡಿಕೆಯಾಗಿದ್ದು ಒತ್ತಿದರೆ ಕುಗ್ಗುವ ಕೂಡುಗೊಳವೆಗಳನ್ನೂ ಇಂತಹ ಸಾಲುಗಳ ನಡುನಡುವೆ ಇಡುವುದು ಅವಶ್ಯವಾಯಿತು.

ಇನ್ನೊಂದು ಉಪಾಯವು ಕೊಳವೆಯನ್ನೇ ಬಾಗಿಸುವುದು. ನೇರವಾದ ಸಾಲಿಗಿಂತ ಬಾಗುಳ್ಳ ಸಾಲು ಹಿಗ್ಗುವಿಕೆಯನ್ನು ಸುಲಭವಾಗಿ ತಾಳುವುದು. ಜರ್ಮನಿಯ ಬಾಂಟ್ಲಿನನು ೧೯೧೦ರಲ್ಲಿ ನಡೆಸಿದ ಪರೀಕ್ಷೆಗಳಲ್ಲಿ ಬಾಗಿದ ಕೊಳವೆಯು ಲೆಕ್ಕವು ಹೇಳುವುದಕ್ಕಿಂತಲೂ ಹೆಚ್ಚಾಗಿ ಬಳುಕುವುದು ಕಂಡುಬಂದಿತು. ೧೯೧೧ರಲ್ಲಿ ಥಿಯೊಡೋರ್ ಫಾನ್ ಕಾರ್ಮಾನನು ಇದರ ಕಾರಣವನ್ನು ತೋರಿಸಿದನು: ಬಾಗುವಾಗ ಕೊಳವೆಯ ದುಂಡಾದ ಅಡ್ಡಕೊಯ್ತವು ಮೊಟ್ಟೆಯಾಕಾರಕ್ಕೆ ಚಪ್ಪಟೆಯಾಗುವುದು, ಅದರಿಂದ ಬಳುಕು ಹೆಚ್ಚುವುದು. ೧೯೨೬ರಿಂದೀಚೆಗೆ ಅಮೆರಿಕದಲ್ಲಿ ಹಾವ್‌ಗಾರ್ಡನು ಈ ಗಣಿತವನ್ನು ಶಿಲ್ಪಿಗಳ ಉಪಯೋಗಕ್ಕೆ ತಂದನು. ಅದೇ ವರ್ಷ ಕೊಳವೆಗಳಿಗಾಗಿ ನಿಯಮಗ್ರಂಥವೊಂದನ್ನು ರಚಿಸುವ ಕಾರ್ಯವು ಅಲ್ಲಿ ಆರಂಭವಾಗಿ, ೧೯೩೫ರಲ್ಲಿ ಮೊದಲನೆಯ ಮುದ್ರಣವು ಹೊರಬಂದಿತು.

ಮುಂದಿನ ಹೆಜ್ಜೆಯು ಮಾರ್ಕ್ಲ್ ಎಂಬ ಶಿಲ್ಪಿಯದು. ಅವನು ೧೯೫೨ರಲ್ಲಿ ಪ್ರಕಟಿಸಿದ ಪರೀಕ್ಷೆಗಳಲ್ಲಿ ಬಾಗುಗಳನ್ನೂ ಕವಲುಗಳನ್ನೂ ಮುರಿಯುವವರೆಗೆ ಮತ್ತೆ ಮತ್ತೆ ಬಾಗಿಸಿ, ಎಷ್ಟು ಆವೃತ್ತಿಗಳಿಗೆ ಯಾವುದು ಸೀಳುವುದೆಂಬುದನ್ನು ಎಣಿಸಿದನು. ಉಷ್ಣಪೀಡನವು ಒಂದೇ ಸಲಕ್ಕೆ ಮುರಿಯುವುದು ವಿರಳ. ಕಾದು ತಣಿದು, ಕಾದು ತಣಿದು, ಲೋಹವು ದಣಿದು ಸೀಳುವುದೇ ಹೆಚ್ಚು. ಆದುದರಿಂದ ಎಣಿಸಬೇಕಾದುದು ಪೀಡನದ ಒಂದು ಬೆಲೆಯನ್ನಲ್ಲ, ತಣ್ಣನೆಯ ಸ್ಥಿತಿಯಿಂದ ಬಿಸಿಯ ಸ್ಥಿತಿಯವರೆಗಿನ ಅದರ ಹರವನ್ನು. ೧೯೫೫ರ ನಿಯಮಗಳಲ್ಲಿ ಈ ವಿಚಾರವು ಸೇರಿತು. ೭,೦೦೦ ಆವೃತ್ತಿಗಳನ್ನು ಮೂಲಮಾನವಾಗಿ ಹಿಡಿಯಲಾಯಿತು. ದಿನಕ್ಕೊಂದರಂತೆ ಇದು ಸುಮಾರು ೧೯ ವರ್ಷಗಳಾಗುವುದು. ೧೯೫೯ರಲ್ಲಿ ಎಣ್ಣೆಯ ಶುದ್ಧೀಕರಣಾಗಾರಗಳ ಕೊಳವೆಗಳಿಗೆ ಬೇರೆಯೇ ಒಂದು ನಿಯಮಗ್ರಂಥವು ಹೊರಬಂದಿತು.

೬

ಆಸ್ಸಾಮಿನ ದಿಗ್ಬೋಯಿಯಲ್ಲಿ ೧೯೦೧ರಲ್ಲಿ ಆರಂಭವಾದ ಶುದ್ಧೀಕರಣಾಗಾರದಿಂದ ಹಿಡಿದು ೧೯೯೬ರಲ್ಲಿ ಮಂಗಳೂರಿನಲ್ಲಿ ಕೆಲಸಕ್ಕೆ ತೊಡಗಿದ ಶುದ್ಧೀಕರಣಾಗಾರದವರೆಗೆ, ಇಂತಹ ಸ್ಥಳಗಳಲ್ಲೆಲ್ಲ ಕೊಳವೆಗಳನ್ನು ಆಗಾಗ ಬರಿದುಮಾಡಿ ಶುದ್ಧಿಗೊಳಿಸುವುದು ಅನಿವಾರ್ಯ. ಉಗಿಯಿಂದ ನಡೆಯುವ ಶುದ್ಧಿಯು ಮೂರು ಬಗೆಯದು. ದುರಸ್ತಿಗೆ ಮುಂಚೆ ಕೊಳವೆಯಲ್ಲಿ ಉಳಿದ ಎಣ್ಣೆಯನ್ನೂ ಉರಿಯುವ ಆವಿಯನ್ನೂ ಹೊರದೂಡುವುದು ಮೊದಲನೆಯದು. ಕುಲುಮೆಯ ಕೊಳವೆಗಳಲ್ಲಿ ಕಟ್ಟಿಕೊಂಡ ಇದ್ದಲಿನಂತಹ ಕರಿಯನ್ನು ಉಗಿ ಮತ್ತು ಗಾಳಿಯಿಂದ ಸುಟ್ಟು ತೆಗೆಯುವುದು ಎರಡನೆಯದು. ಹೊಸ ಉಗಿಗೊಳವೆಯೊಳಗಿನ ಕಿಟ್ಟವನ್ನು ರಭಸದ ಉಗಿಯಿಂದ ಊದಿ ತೆಗೆಯುವುದು ಮೂರನೆಯದು. ಹಾಗೆ ಮಾಡದಿದ್ದರೆ ಆ ಚೂರುಗಳು ಹಾರಿ ಉಗಿಚಕ್ರದ ಅಲಗುಗಳನ್ನು ಕೆಡಿಸುವುವು.

ಈ ಮೂರನೆಯ ಬಗೆಯಲ್ಲಿ ಕಲ್ಲುಕುಟಿಗನ ತಂತ್ರವು ಸ್ಪಷ್ಟವಾಗಿ ಕಾಣುವುದು. ಉಗಿಯನ್ನು ಎಡೆಬಿಡದೆ ಹಾಯಿಸುವುದಕ್ಕಿಂತ, ಸ್ವಲ್ಪ ಹೊತ್ತು ಊದಿ, ನಿಲ್ಲಿಸಿ ತಣಿಯಗೊಟ್ಟು, ಮತ್ತೆ ಊದುವುದು ಹೆಚ್ಚು ಫಲಕಾರಿ. ಉಕ್ಕೂ ಅದರ ಮೇಲಣ ಕಿಟ್ಟವೂ ಸಮನಾಗಿ ಹಿಗ್ಗುವುದಿಲ್ಲ. ಕಿಟ್ಟವು ಬಿರುಸಾದುದು, ಬಳುಕಲಾರದು. ಪ್ರತಿಯೊಂದು ಆವೃತ್ತಿಯಲ್ಲಿಯೂ ಅದು ಬಿರಿದು ಉಕ್ಕಿನಿಂದ ಬಿಟ್ಟುಕೊಳ್ಳುವುದು, ಮುಂದಣ ಊದಿನಲ್ಲಿ ಹಾರಿಹೋಗುವುದು. ಉರಿಯ ಸಾಲು ಸರಿದಂತೆ ಚಪ್ಪಡಿಯು ಏಳುವುದೂ ಹೀಗೆಯೇ. ಆದರೆ ಕಿಟ್ಟವನ್ನು ಬಿಡಿಸುವ ಪ್ರತಿಯೊಂದು ಆವೃತ್ತಿಯು ಕೊಳವೆಯ ಬೆಸುಗೆಗಳಿಗೂ ಒಂದು ಆವೃತ್ತಿಯೇ; ಮಾರ್ಕ್ಲನ ಎಣಿಕೆಯಲ್ಲಿ ಅದೂ ಸೇರಬೇಕು.

ಶುದ್ಧಿಯ ಕಾಲದಲ್ಲಿ ಅಪಾಯವು ಹೆಚ್ಚಾಗುವುದಕ್ಕೆ ನಾಲ್ಕು ಕಾರಣಗಳುಂಟು. ಮೊದಲನೆಯದು, ಕೊಳವೆಯು ತಾನು ದಿನವೂ ಒಯ್ಯುವ ಪದಾರ್ಥಕ್ಕಿಂತ ಹೆಚ್ಚು ಬಿಸಿಯಾಗಬಹುದು. ೪೦ ಡಿಗ್ರಿಯಲ್ಲಿ ಎಣ್ಣೆಯನ್ನೊಯ್ಯಲು ರಚಿಸಿದ ಸಾಲಿಗೆ ಹಿಗ್ಗಲು ಹೆಚ್ಚಿನ ಎಡೆ ಕೊಟ್ಟಿರುವುದಿಲ್ಲ. ವಾಯುಭಾರಕ್ಕಿಂತ ಮೂರೂವರೆಯಷ್ಟು ಹೆಚ್ಚಿನ ಒತ್ತಡದ ಉಗಿಯು ಸುಮಾರು ೧೪೮ ಡಿಗ್ರಿಯಲ್ಲಿರುವುದು. ಆದುದರಿಂದ ರಚನೆಯ ಕಾಲದಲ್ಲಿಯೇ ಉಗಿಶುದ್ಧಿಯನ್ನು ಒಂದು ಪ್ರತ್ಯೇಕ ಸಂದರ್ಭವಾಗಿ ಎಣಿಸಬೇಕು. ಎರಡನೆಯದು, ಒಂದು ಸಾಲು ಬಿಸಿಯಾಗುವಾಗ ಅದರ ಪಕ್ಕದ ಕವಲು ತಣ್ಣಗಿರುವುದು. ಎಲ್ಲವೂ ಒಟ್ಟಿಗೆ ಹಿಗ್ಗುವುದೆಂಬ ಊಹೆಯಿಂದ ಮಾಡಿದ ಲೆಕ್ಕವು ಆಗ ನಿಲ್ಲುವುದಿಲ್ಲ.

ಮೂರನೆಯದು ನೀರು. ತಣ್ಣನೆಯ ಕೊಳವೆಯನ್ನು ಸೇರಿದ ಉಗಿಯು ಮೊದಲು ನೀರಾಗುವುದು. ಆರು ಅಂಗುಲದ ಸಾಮಾನ್ಯ ಕೊಳವೆಯು ಮೀಟರಿಗೆ ಸುಮಾರು ೨೮ ಕಿಲೋಗ್ರಾಮ್ ತೂಗುವುದು. ಅದನ್ನು ೨೫ರಿಂದ ೧೫೦ ಡಿಗ್ರಿಗೆ ಕಾಯಿಸುವಷ್ಟರಲ್ಲಿ ಮೀಟರಿಗೆ ಸುಮಾರು ಮುಕ್ಕಾಲು ಕಿಲೋಗ್ರಾಮಿನಷ್ಟು ನೀರು ಕೂಡುವುದು. ನೂರು ಮೀಟರಿಗೆ ಇದು ಮೂರು ನಾಲ್ಕು ಕೊಡಗಳಿಗೂ ಮೀರುವುದು. ತಳದಲ್ಲಿ ಈ ನೀರು ನಿಂತರೆ ಕೊಳವೆಯ ಕೆಳಮೈ ತಣ್ಣಗೂ ಮೇಲ್ಮೈ ಬಿಸಿಯಾಗಿಯೂ ಇದ್ದು, ಇಡೀ ಕೊಳವೆಯು ಬಿಲ್ಲಿನಂತೆ ಬಾಗಿ ತನ್ನ ಆಧಾರಗಳಿಂದ ಮೇಲಕ್ಕೇಳುವುದು. ಆ ನೀರನ್ನು ಉಗಿಯು ರಭಸದಿಂದ ನೂಕಿದರೆ ಸುತ್ತಿಗೆಯ ಪೆಟ್ಟಿನಂತಹ ಆಘಾತವಾಗುವುದು. ನಾಲ್ಕನೆಯದು, ಶುದ್ಧಿಯು ಮುಗಿದ ಮೇಲೆ ಬಾಯಿ ಮುಚ್ಚಿದ ಪಾತ್ರೆಯೊಳಗಿನ ಉಗಿಯು ತಣಿದರೆ ಒಳಗೆ ಶೂನ್ಯವುಂಟಾಗಿ, ಚದರ ಮೀಟರಿಗೆ ಹತ್ತು ಟನ್ನುಗಳಷ್ಟು ವಾಯುಭಾರವು ಹೊರಗಿನಿಂದ ಅದನ್ನು ಅಮುಕುವುದು. ೧೭೧೨ರಲ್ಲಿ ನ್ಯೂಕಮೆನ್ನನು ಗಣಿಯ ನೀರನ್ನೆತ್ತಲು ಉಪಯೋಗಿಸಿದ ಶಕ್ತಿಯು ಇದೇ. ತೆಳುವಾದ ಪಾತ್ರೆಯನ್ನು ಮುದುಡಿಸುವುದೂ ಇದೇ.

ಈ ನಾಲ್ಕಕ್ಕೂ ಪರಿಹಾರವು ಸರಳವಾದುದು. ನೀರು ಹರಿದುಹೋಗುವ ಬಾಯಿಗಳನ್ನು ಮೊದಲು ತೆರೆದು, ಉಗಿಯನ್ನು ಸ್ವಲ್ಪ ಸ್ವಲ್ಪವಾಗಿ ಬಿಟ್ಟು, ಕೊಳವೆಯು ಉದ್ದಕ್ಕೂ ಕಾಯುವವರೆಗೆ ಕಾದು, ಆಧಾರಗಳ ಮೇಲೆ ಅದು ಸರಿಯುವುದನ್ನು ನೋಡಿಕೊಂಡು, ಬಳಿಕ ಪೂರ್ಣವಾಗಿ ಬಿಡಬೇಕು. ತಣಿಯುವಾಗ ಗಾಳಿಯ ದಾರಿಯನ್ನು ಮುಚ್ಚಬಾರದು. ಇದರಲ್ಲಿ ಗಣಿತವಿಲ್ಲ, ತಾಳ್ಮೆಯುಂಟು.

೭

ಅರಿವು ಇಷ್ಟು ಬೆಳೆದ ಮೇಲೆಯೂ ಸಂಭವಿಸಿದ ಮೂರು ಅನಾಹುತಗಳನ್ನು ಇಲ್ಲಿ ಸ್ಮರಿಸಬೇಕು. ಅವುಗಳಲ್ಲಿ ಯಾವುದೂ ಶುದ್ಧಿಯ ಸಮಯದ್ದಲ್ಲ. ಆದರೂ ಮೂರೂ, ಶುದ್ಧಿಯಂತೆಯೇ, ಯಂತ್ರವು ಒಂದು ಸ್ಥಿತಿಯಿಂದ ಇನ್ನೊಂದಕ್ಕೆ ಸಾಗುವಾಗ ಒದಗಿದುವು.

೧೯೭೪ನೆಯ ಜೂನ್ ೧ರಂದು ಇಂಗ್ಲೆಂಡಿನ ಫ್ಲಿಕ್ಸ್‌ಬರೋ ಎಂಬಲ್ಲಿನ ರಾಸಾಯನಿಕ ಕಾರ್ಖಾನೆಯು ಸ್ಫೋಟಗೊಂಡು ೨೮ ಮಂದಿ ಮಡಿದರು. ಸಾಲಾಗಿ ನಿಂತಿದ್ದ ಪಾತ್ರೆಗಳಲ್ಲಿ ಬಿರುಕುಬಿಟ್ಟ ಒಂದನ್ನು ತೆಗೆದು, ಅದರ ಎಡೆಯಲ್ಲಿ ಅಂಕುಡೊಂಕಾದ ಕೊಳವೆಯೊಂದನ್ನು ಎರಡು ತಿದಿಗೀಲುಗಳ ನಡುವೆ ತಾತ್ಕಾಲಿಕವಾಗಿ ಜೋಡಿಸಿದ್ದರು. ಹಿಗ್ಗುವಿಕೆಗೆ ಎಡೆಗೊಡುವ ತಿದಿಯು ಒಳಗಿನ ಒತ್ತಡಕ್ಕೂ ಎಡೆಗೊಡುವುದೆಂಬುದನ್ನು ಯಾರೂ ಲೆಕ್ಕಹಾಕಿರಲಿಲ್ಲ. ಆ ಜೋಡಣೆಯ ನಕ್ಷೆಯನ್ನು ಕಾರ್ಖಾನೆಯ ನೆಲದ ಮೇಲೆ ಸೀಮೆಸುಣ್ಣದಿಂದ ಬರೆದಿದ್ದರು. ನಿಂತಿದ್ದ ಕಾರ್ಖಾನೆಯನ್ನು ಮತ್ತೆ ನಡೆಯಿಸುತ್ತಿದ್ದ ದಿನಗಳಲ್ಲಿ ಇದು ನಡೆಯಿತು.

೧೯೮೯ನೆಯ ಆಗಸ್ಟ್ ೧೯ರಂದು ನ್ಯೂಯಾರ್ಕ್ ನಗರದ ಗ್ರಾಮರ್ಸಿ ಪಾರ್ಕಿನ ಬಳಿ, ದುರಸ್ತಿಗಾಗಿ ನಿಲ್ಲಿಸಿದ್ದ ಉಗಿಗೊಳವೆಯೊಂದಕ್ಕೆ ಮತ್ತೆ ಉಗಿಯನ್ನು ಬಿಡುತ್ತಿರುವಾಗ, ಒಳಗೆ ನಿಂತಿದ್ದ ನೀರಿನ ಆಘಾತದಿಂದ ಅದು ಸಿಡಿದು ಮೂವರು ಸತ್ತರು. ೧೮೮೨ರಿಂದ ಉಗಿಯನ್ನೊಯ್ಯುತ್ತ ಬಂದ ನಗರದಲ್ಲಿ ನೂರು ವರ್ಷಗಳಾದ ಮೇಲೆಯೂ ಬಾಯ್ಲರಿನವರಿಗೆಲ್ಲ ತಿಳಿದ ಅಪಾಯವೇ ಮತ್ತೆ ಪ್ರಾಣಗಳನ್ನು ತೆಗೆದುಕೊಂಡಿತು.

೧೯೯೮ನೆಯ ಸೆಪ್ಟೆಂಬರ್ ೨೫ರಂದು ಆಸ್ಟ್ರೇಲಿಯದ ವಿಕ್ಟೋರಿಯ ಪ್ರಾಂತದ ಲಾಂಗ್‌ಫರ್ಡಿನ ಅನಿಲ ಕಾರ್ಖಾನೆಯಲ್ಲಿ ನಡೆದುದು ಈ ಪ್ರಸ್ತಾಪ್ಯ ವಿಷಯಕ್ಕೆ ಅತ್ಯಂತ ಸಮೀಪವಾದುದು. ಬಿಸಿ ಎಣ್ಣೆಯ ಹರಿವು ಗಂಟೆಗಟ್ಟಲೆ ನಿಂತುಹೋದುದರಿಂದ, ೧೦೦ ಡಿಗ್ರಿಯಷ್ಟು ಬಿಸಿಯಾಗಿರಬೇಕಾಗಿದ್ದ ಶಾಖವಿನಿಮಯ ಪಾತ್ರೆಯೊಂದು ಸೊನ್ನೆಗಿಂತ ೪೮ ಡಿಗ್ರಿಯಷ್ಟು ಕೆಳಕ್ಕೆ ತಣಿಯಿತು. ಅಷ್ಟು ತಣಿದ ಉಕ್ಕು ಬಳುಕುವ ಗುಣವನ್ನು ಕಳೆದುಕೊಂಡು ಗಾಜಿನಂತಾಗುವುದು. ಅದಕ್ಕೆ ಬಿಸಿ ಎಣ್ಣೆಯನ್ನು ಮತ್ತೆ ಹಾಯಿಸಿದೊಡನೆ ಅದು ಬಿರಿದು, ಹೊರಬಿದ್ದ ಆವಿಗೆ ಬೆಂಕಿ ತಗುಲಿ, ಇಬ್ಬರು ಮಡಿದು ಎಂಟು ಮಂದಿ ಗಾಯಗೊಂಡರು. ಕುದಿನೀರಿನ ಲೋಟದ ಕಥೆಯೇ ಇಲ್ಲಿ ಉಕ್ಕಿನಲ್ಲಿ ನಡೆಯಿತು. ವಿಚಾರಣೆಗಾಗಿ ನೇಮಿತವಾದ ಆಯೋಗವು ೧೯೯೯ರಲ್ಲಿ ಕೊಟ್ಟ ವರದಿಯಲ್ಲಿ ದೋಷವನ್ನು ಅಂದು ಕೆಲಸದಲ್ಲಿದ್ದವರ ಮೇಲೆ ಹೊರಿಸಲಿಲ್ಲ. ತಣಿದ ಪಾತ್ರೆಗೆ ಬಿಸಿ ಎಣ್ಣೆಯನ್ನು ಹಾಯಿಸಿದರೆ ಏನಾಗುವುದೆಂಬುದನ್ನು ಅವರಿಗೆ ಕಲಿಸಿರಲಿಲ್ಲವೆಂಬುದೇ ಮುಖ್ಯವಾದ ಕಾರಣವೆಂದು ಅದು ನಿರ್ಣಯಿಸಿತು.

೮

ಈ ನಿರ್ಣಯವನ್ನು ಮೊದಲಿನ ಕಲ್ಲುಕುಟಿಗನ ಪಕ್ಕದಲ್ಲಿಟ್ಟು ನೋಡಿದರೆ ಇಡೀ ಚರಿತ್ರೆಯ ಸಾರವು ಗೋಚರವಾಗುವುದು. ಕಲ್ಲುಕುಟಿಗನಲ್ಲಿ ಬಲವನ್ನು ಉಪಯೋಗಿಸುವ ಕೈಯೂ ಬಲ್ಲ ಮನಸ್ಸೂ ಒಂದೇ ಒಡಲಿನಲ್ಲಿದ್ದುವು. ಅವನಿಗೆ ದ್ಯುಆಮೆಲನ ಗಣಿತವು ತಿಳಿಯದು. ಆದರೆ ಉರಿಯನ್ನು ಯಾವಾಗ ಸರಿಸಬೇಕೆಂಬುದು ತಿಳಿದಿದ್ದಿತು. ಲಾಂಗ್‌ಫರ್ಡಿನ ಕಾರ್ಖಾನೆಯ ಕಾಲಕ್ಕೆ ಆ ಗಣಿತವು ನೂರೈವತ್ತು ವರ್ಷಗಳಿಗಿಂತ ಹಳೆಯದಾಗಿದ್ದಿತು, ವಿಂಕೆಲ್ಮನ್ ಮತ್ತು ಷಾಟರ ಸೂತ್ರವು ನೂರು ವರ್ಷಗಳನ್ನು ಮೀರಿದ್ದಿತು. ಅರಿವಿಗೆ ಕೊರತೆಯಿರಲಿಲ್ಲ, ಕವಾಟವನ್ನು ತಿರುಗಿಸುವ ಕೈಗೆ ಅದು ತಲಪಿರಲಿಲ್ಲ.

ನಿಯಮಗ್ರಂಥಗಳಿಂದ ಆದ ಉಪಕಾರವು ಅಪಾರವಾದುದು. ಅವುಗಳಿಲ್ಲದೆ ಮೈಲಿಗಟ್ಟಲೆ ಉದ್ದದ ಕೊಳವೆಗಳಿಂದ ಕೂಡಿದ ಶುದ್ಧೀಕರಣಾಗಾರಗಳು ಒಂದು ದಿನವೂ ನಿಲ್ಲಲಾರವು. ಆದರೆ ಅವುಗಳ ಲೆಕ್ಕವು ಹೆಚ್ಚಾಗಿ ಕೊಳವೆಯು ನಡೆಯುವ ದಿನಗಳದು. ಕೊಳವೆಯನ್ನು ನಿಲ್ಲಿಸಿ, ತೊಳೆದು, ಮತ್ತೆ ನಡೆಯಿಸುವ ದಿನಗಳನ್ನು ಬಿಡುವಿನ ದಿನಗಳೆಂದು ಭಾವಿಸುವುದು ರೂಢಿ. ಉಷ್ಣಪೀಡನವು ಎಚ್ಚರವಾಗಿರುವುದು ಆ ದಿನಗಳಲ್ಲಿಯೇ. ಉಗಿಯನ್ನು ಮೆಲ್ಲನೆ ಬಿಡಬೇಕೆಂಬ ಆಜ್ಞೆಯನ್ನು ಮಾತ್ರ ಕಲಿತವನು, ಹೊತ್ತು ಮೀರಿದೆಯೆಂದು ಮೇಲಿನವರು ಅವಸರಪಡಿಸಿದಾಗ ಆ ಆಜ್ಞೆಯನ್ನು ಬಿಟ್ಟುಬಿಡುವನು. ಏಕೆ ಮೆಲ್ಲನೆ ಬಿಡಬೇಕೆಂಬುದನ್ನು ಬಲ್ಲವನು ಬಿಡನು. ಆ ‘ಏಕೆ’ ಎಂಬುದನ್ನು ಕೆಲಸಗಾರನಿಗೆ ಅವನ ಮಾತಿನಲ್ಲಿಯೇ, ಗಾಲಿಯ ಹಳಿ, ಗಾಜಿನ ಲೋಟ, ಬಂಡೆಯ ಚಪ್ಪಡಿಗಳಂತಹ ಅವನು ಕಂಡ ವಸ್ತುಗಳ ಮೂಲಕವೇ ತಿಳಿಸುವುದು ಅಸಾಧ್ಯವಲ್ಲ. ಕುಶಲಕರ್ಮಿಗಳಿಂದ ಪಡೆದ ಅರಿವನ್ನು ಶಾಸ್ತ್ರವು ಹೀಗೆ ಅವರಿಗೇ ಮರಳಿಸಿದಾಗ ಕೊಳವೆಯ ಕಿಟ್ಟವು ಮಾತ್ರ ಬಿಡುವುದು, ಕೊಳವೆಯು ಉಳಿಯುವುದು, ಅದರ ಬಳಿ ನಿಂತವನೂ ಉಳಿಯುವನು.